ಓಬಯ್ಯ ಸ್ಟೇಡಿಯಂ ಕಾದದ್ದು

ಕೇಳುವವರ ಮನೆ ತಣ್ಣಗಿರಲಿ, ಹೇಳುವ ನನ್ನ ನಾಲಿಗೆ ನೆಟ್ಟಗಿರಲಿ.

ಒಂದು ನಗರ. ಆ ನಗರಕ್ಕೆ ಹೊಸದಾಗಿ ಒಂದು ಫುಟ್‌ಬಾಲ್ ಸ್ಟೇಡಿಯಂ ಬಂತು. ಗುಡ್ಡದಷ್ಟು ಎತ್ತರ, ಕೊಪ್ಪರಿಗೆಯ ಹಾಗೆ ದುಂಡಗೆ. ಆಟವಿಲ್ಲದ ದಿನವೂ ಜನ ಬಸ್ಸು ಮಾಡಿಕೊಂಡು ಬಂದು, ಟಿಕೆಟ್ ತೆಗೆದು, ಖಾಲಿ ಕುರ್ಚಿಗಳನ್ನು ಕಣ್ತುಂಬ ನೋಡಿ ಹೋಗುತ್ತಿದ್ದರು. ಅವರವರ ಭಕ್ತಿ.

ಅಲ್ಲಿ ಕಾವಲಿಗೆ ಸೇರಿದವನು ಓಬಯ್ಯ. ವಯಸ್ಸು ಇಪ್ಪತ್ತೆಂಟು, ಬುದ್ಧಿ ದೇವರು ಕೊಟ್ಟಷ್ಟು. ನಾಲ್ಕು ಕಡೆ ಕೆಲಸ ಹೋಗಿತ್ತು, ಇದು ಐದನೆಯದು. ಭಾನುವಾರದ ಪಂದ್ಯ ಮುಗಿಯುವ ತನಕ ಸರಿಯಾಗಿ ಕಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ತಾಯಿ ಮಾರಕ್ಕ ಮನೆದೇವರಿಗೆ ಮುಡಿಪು ಕಟ್ಟಿದಳು. "ಹೇಳಿದಷ್ಟು ಮಾಡೋ ನನ್ನಪ್ಪಾ. ಯಾರನ್ನೂ ನಂಬಬೇಡ. ಪೇಟೆ ಜನ!"

"ಆಗಲವ್ವಾ!"

ಕಾವಲಿನವರ ಸಾಹೇಬ ಗುರುಶಾಂತಪ್ಪ ಅಂದ, "ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು. ಯಾರೂ!"

"ಆಗಲಿ ಸಾರ್!"

ಗುರುವಾರ, ಹುಲ್ಲಿಗೆ ನೀರು ಬಿಡುವ ಮುದುಕ ಪೈಪು ಹಿಡಿದು ಬಂದ. ಓಬಯ್ಯನಿಗೆ ಅನುಮಾನ. ಕೋಲು ಅಡ್ಡ ಹಿಡಿದ. ಸಂಜೆಗೆ ಹುಲ್ಲು ಬಾಡಿತು.

"ಎಲಾ ಇವನ! ನೀರು ಬಿಡೋನನ್ನೇ ತಡೆದೆಯಾ? ಕೆಲಸದೋರ ಕೊರಳಲ್ಲಿ ಗುರುತಿನ ಪಟ್ಟಿ ಇರುತ್ತೆ. ಕೊರಳಲ್ಲಿ ಪಟ್ಟಿ ಇದ್ದರೆ ಒಳಗೆ ಬಿಡಬೇಕಯ್ಯಾ!"

"ಆಗಲಿ ಸಾರ್!"

ಶುಕ್ರವಾರ ಪಕ್ಕದ ಬಡಾವಣೆಯಿಂದ ಒಂದು ಮೇಕೆ ಬಂತು. ಓಬಯ್ಯ ಅದರ ಗಡ್ಡ ನೋಡಿದ, ಅನುಮಾನ. ಕೊರಳು ನೋಡಿದ, ಪಟ್ಟಿ ಇತ್ತು. ಸಲಾಮು ಹೊಡೆದು ಬಿಟ್ಟ. ಸ್ಟೇಡಿಯಂ ನೋಡಲು ಬಂದ ಜನ ಹುಲ್ಲು ಮೇಯುವ ಮೇಕೆಯ ಫೋಟೋ ತೆಗೆದುಕೊಂಡು ಹೋದರು.

"ಮೇಕೆಗೆ ಸಲಾಮು ಹೊಡೆದೆಯೇನೋ! ಕೊರಳು ನೋಡಬೇಡ, ನಡತೆ ನೋಡು. ಕಳ್ಳನಾದೋನು ಓಡ್ತಾನೆ. ಓಡೋನನ್ನು ಹಿಡಿ!"

"ಆಗಲಿ ಸಾರ್!"

ಶನಿವಾರ ಆಟಗಾರರು ಅಭ್ಯಾಸಕ್ಕೆ ಬಂದರು. ಬಂದವರೇ ಓಡತೊಡಗಿದರು. "ಅಯ್ಯಪ್ಪಾ! ಗುಂಪಿಗೆ ಗುಂಪೇ ಕಳ್ಳರು!" ಓಬಯ್ಯ ತಂಡದ ನಾಯಕನ ಸೊಂಟ ತಬ್ಬಿದ. ಬಿಡಿಸುವುದಕ್ಕೆ ನಾಲ್ವರು ಬೇಕಾದರು.

ಗುರುಶಾಂತಪ್ಪ ಹಣೆ ಚಚ್ಚಿಕೊಂಡ. "ಓಡೋದೇ ಅವರ ಕಸುಬಯ್ಯಾ! ಕೆಂಪಂಗಿಯೋರು ನಮ್ಮೋರು. ನಾಳೆ ಬರೋ ಹಳದಿಯೋರು ಎದುರು ತಂಡ. ಓಡಾಡೋರನ್ನು ಮುಟ್ಟಬೇಡ. ಬೇರೆ ಬಣ್ಣದೋನು ಯಾವನಾದರೂ ಸುಮ್ಮನೆ ನಿಂತಿದ್ದರೆ ಎಳೆದು ಆಚೆ ಹಾಕು. ಇದೇ ಕೊನೇ ಮಾತು!"

"ಆಗಲಿ ಸಾರ್!"

ಸುದ್ದಿ ಕೇಳಿ ಮಾರಕ್ಕ ಕಣ್ಣೊರೆಸಿಕೊಂಡಳು. "ನಿನ್ನನ್ನು ಹೆತ್ತ ಹೊಟ್ಟೆಗೆ ನೆಮ್ಮದಿ ಇಲ್ಲ ಕಣೋ. ನಾಳೆ ನಾನೇ ಬಂದು ಕೂತ್ಕೋತೀನಿ."

ಭಾನುವಾರ ಸ್ಟೇಡಿಯಂ ತುಂಬಿತು. ಮಾರಕ್ಕ ಮುಂದಿನ ಸಾಲಿನಲ್ಲಿ ಮನೆದೇವರ ಹೆಸರು ಹೇಳುತ್ತ ಕೂತಳು. ಕೆಂಪಂಗಿಯವರು ಓಡಿದರು; ಓಬಯ್ಯ ಬಿಟ್ಟ. ಹಳದಿಯವರು ಓಡಿದರು, ಬಿಟ್ಟ. ಪೀಪಿ ಊದುವ ಕರಿಯಂಗಿಯವನೂ ಓಡುತ್ತಿದ್ದ, ಅವನನ್ನೂ ಬಿಟ್ಟ.

ಆಗ ಕಣ್ಣಿಗೆ ಬಿದ್ದ ಒಬ್ಬ. ಹಸಿರಂಗಿ. ಬಲೆಯ ಮುಂದೆ ಒಬ್ಬನೇ. ಅರ್ಧ ಗಂಟೆಯಿಂದ ನಿಂತಲ್ಲೇ ನಿಂತಿದ್ದಾನೆ. ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ. ಅಂಥ ಬಿಸಿಲಲ್ಲಿ ಕೈಗೆ ಗವಸು ಬೇರೆ!

"ಸಿಕ್ಕಿದೆಯಾ!"

ಓಬಯ್ಯ ಹಿಂದಿನಿಂದ ಹೋಗಿ, ನಮ್ಮ ತಂಡದ ಗೋಲ್‌ಕೀಪರನ ನಡು ಹಿಡಿದು ಗೆರೆಯಾಚೆ ಎಳೆದ. ಚೆಂಡು ಉರುಳುತ್ತ ಬಂದು ಬಲೆಗೆ ಬಿತ್ತು.

"ಹೋಯ್ತಲ್ಲೋ! ಪಂದ್ಯವೂ ಹೋಯ್ತು, ನಿನ್ನ ಕೆಲಸವೂ ಹೋಯ್ತು!" ಗುರುಶಾಂತಪ್ಪ ಕೂಗುತ್ತ ಓಡಿ ಬಂದ.

ಅವನಿಗಿಂತ ಮೊದಲು ಬೇಲಿ ಹತ್ತಿ ಇಳಿದಿದ್ದಳು ಮಾರಕ್ಕ.

"ಬಿಡಬೇಡ ಮಗನೇ, ಗಟ್ಟಿಯಾಗಿ ಹಿಡ್ಕೋ! ಬಂದಾಗಿನಿಂದ ನಾನೂ ಅವನ ಮೇಲೇ ಕಣ್ಣಿಟ್ಟಿದ್ದೆ!"