ಗೆರೆಗೆ ಬಾರದ ಚುಕ್ಕಿ

ಪಂಪಾಪತಿ ಮೇಷ್ಟ್ರು ನಿವೃತ್ತರಾದ ಮೇಲೆ ತುಂಗಭದ್ರೆಯ ದಡದಲ್ಲಿದ್ದರು. ಖಗೋಳ ಓದುವವರು ಆಗಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹಳೆಯ ಶಿಷ್ಯೆ ಶಿವಲೀಲಾ ಬಂದಳು. ಕೂರು ಅಂದರೂ ಕೂರಲಿಲ್ಲ. ಮರಳಿನ ಮೇಲೆ ಅತ್ತಿಂದಿತ್ತ ತಿರುಗುತ್ತಲೇ ತನ್ನ ತೊಡಕು ಹೇಳಿಕೊಂಡಳು.

ಕೆಲವು ಗೆಲಾಕ್ಸಿಗಳ ಕೇಂದ್ರದಲ್ಲಿ ದೈತ್ಯ ಕಪ್ಪುಕುಳಿ. ಅದರ ಸುತ್ತ ಸುಳಿಯುವ ಅನಿಲ ನೇರಳಾತೀತ ಬೆಳಕು ಸೂಸುತ್ತದೆ. ಅದರ ಮೇಲೆ ಕವಿದಿರುವ, ಇನ್ನೂ ಬಿಸಿಯಾದ ಮೋಡ ಕ್ಷ-ಕಿರಣ ಸೂಸುತ್ತದೆ. ಮೊದಲನೆಯದು ಹೆಚ್ಚಿದರೆ ಎರಡನೆಯದೂ ಹೆಚ್ಚುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಲ್ಲ. ಆ ಲೆಕ್ಕವನ್ನು ಅವಳು ಗ್ರಾಫಿನ ಮೇಲೆ ಗೆರೆಯಾಗಿ ಎಳೆದಿದ್ದಳು. ಬಹಳಷ್ಟು ಗೆಲಾಕ್ಸಿಗಳ ಚುಕ್ಕಿಗಳು ಗೆರೆಯ ಹತ್ತಿರವೇ ಇದ್ದವು. ಕೆಲವು ಎಲ್ಲೆಲ್ಲೋ ಚೆಲ್ಲಿಹೋಗಿದ್ದವು.

ಅವನ್ನು ಕೈಬಿಟ್ಟರೆ ಪ್ರಬಂಧ ಮುಗಿಯುತ್ತದೆ. ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ. ತಿಂಗಳಿಂದ ಊಟವೂ ಸೇರುತ್ತಿಲ್ಲ ಅಂದಳು.

"ನೇರಳಾತೀತ ಅಳೆದದ್ದು ಯಾವಾಗ?" ಮೇಷ್ಟ್ರು ಕೇಳಿದರು.

"ಮೂರು ವರ್ಷದ ಹಿಂದೆ, ಸರ್."

"ಕ್ಷ-ಕಿರಣ?"

"ಈ ವರ್ಷ."

ಮೇಷ್ಟ್ರು ಹೊಳೆಯಿಂದ ಅವಳ ಕಡೆ ತಿರುಗಿದರು.

"ಮೂರು ವರ್ಷದ ಹಿಂದೆ ನೀನು ನನ್ನ ಮೇಲೆ ಸಿಟ್ಟಾಗಿ ಬಾಗಿಲು ಬಡಿದು ಹೋದೆ. ಇವತ್ತು ನೀನಾಗಿಯೇ ಬಂದೆ. ಅವತ್ತಿನ ಮುಖಕ್ಕೆ ಇವತ್ತಿನ ಮಾತು ಜೋಡಿಸಿದರೆ, ಅಂಥ ಶಿವಲೀಲಾ ಎಲ್ಲಿದ್ದಾಳೆ?"

ಅವಳ ಹೆಜ್ಜೆ ನಿಂತಿತು. ಆ ಬೆಳಕುಗಳು ಕಾಲಕಾಲಕ್ಕೆ ಏರುತ್ತವೆ, ಇಳಿಯುತ್ತವೆ. ಗೊತ್ತಿದ್ದೂ ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ.

ಅವತ್ತೇ ಹೊರಟಳು. ಎರಡನ್ನೂ ಒಂದೇ ದಿನ ಅಳೆಯಲು ಅನುಮತಿ ಕೇಳಿದಳು. ದೂರದರ್ಶಕದ ಸರದಿ ಬರುವವರೆಗೆ ಚಡಪಡಿಸಿದಳು.

ಮುಂದಿನ ಬೇಸಿಗೆಯಲ್ಲಿ ಗ್ರಾಫು ಹಿಡಿದು ಮತ್ತೆ ಬಂದಳು. ಚೆಲ್ಲಿಹೋಗಿದ್ದವು ಗೆರೆಯ ಹತ್ತಿರ ಬಂದಿದ್ದವು. ಆದರೂ ಮುಖದಲ್ಲಿ ನೆಮ್ಮದಿ ಇರಲಿಲ್ಲ.

"ಒಂದು ಬರಲೇ ಇಲ್ಲ, ಸರ್. ನೇರಳಾತೀತ ಧಾರಾಳವಾಗಿದೆ. ಕ್ಷ-ಕಿರಣ ಮಾತ್ರ ಇಲ್ಲವೇನೋ ಅನ್ನುವಷ್ಟು. ಮತ್ತೆ ಮತ್ತೆ ಅಳೆದೆ. ಅಳತೆ ತಪ್ಪಿಲ್ಲ."

ಒಂದು ಚುಕ್ಕಿಯಿಂದ ನಿಯಮವೇನೂ ಕೆಡುವುದಿಲ್ಲ, ಬಿಟ್ಟುಬಿಡು ಅನ್ನುತ್ತಾರೆ ಜೊತೆಯವರು. ಏನು ಮಾಡಲಿ ಎಂದು ಕೇಳಿದಳು.

ಮೇಷ್ಟ್ರು ಗ್ರಾಫನ್ನು ತೊಡೆಯ ಮೇಲೆ ಹರಡಿಕೊಂಡರು. ಗೆರೆಯನ್ನೂ ಅದರ ಸುತ್ತ ನೆರೆದಿದ್ದ ಚುಕ್ಕಿಗಳನ್ನೂ ಅಂಗೈಯಿಂದ ಮುಚ್ಚಿದರು. ಒಂದೇ ಚುಕ್ಕಿ ಹೊರಗುಳಿಯಿತು.

"ಇವೆಲ್ಲ ನಿನ್ನ ಮಾತಿಗೆ ಹೂಂಗುಟ್ಟಿದವು," ಅಂದರು. "ಇದೊಂದು ತನ್ನ ಮಾತು ಆಡಿದೆ."