ಜಗುಲಿಯ ಮೇಲೆ ಹುಳಿ ಬಂದ ಮಡಕೆ

“ತಾಯಿ, ಹಳೆಯ ಅರಸನ ಕಾಲದಲ್ಲಿ ಹೆಂಡವನ್ನು ದೇವರಿಗೆ ಎಡೆಯಿಟ್ಟು ಕುಡಿಯುತ್ತಿದ್ದರಂತೆ. ಈಗ ಅದು ಅಪರಾಧ. ನಾಳೆ ಇನ್ನೊಬ್ಬ ಅರಸ ಬಂದು ಮತ್ತೆ ಸರಿ ಅನ್ನಬಹುದು. ಬದಲಾಗುವುದು ಹೆಂಡವೋ, ಮನುಷ್ಯರೋ?” ಎಂದು ಶಿಷ್ಯ ಕೇಳಿದ.

ಗುರುತಾಯಿ ನಕ್ಕು, ಈ ಕತೆ ಹೇಳಿದರು.

ಒಂದೂರಿನಲ್ಲಿ ಈಚಲು ಮರ ಏರಿ ರಸ ಇಳಿಸುವವನೊಬ್ಬನಿದ್ದ. ಅಪ್ಪ ಬಿಟ್ಟುಹೋದ ಮರಗಳೇ ಅವನ ಅನ್ನ. ಹೊಸ ಅರಸ ಡಂಗುರ ಹೊಡೆಸಿದ: ಬೆಳಗಿನ ಸಿಹಿರಸ, ಅಂದರೆ ನೀರಾ, ಇಟ್ಟುಕೊಳ್ಳಬಹುದು, ಅದೇ ಹುಳಿ ಬಂದು ಹೆಂಡವಾದರೆ, ಇಟ್ಟುಕೊಂಡವನ ಮರಗಳನ್ನು ಬುಡಸಮೇತ ಕಡಿಸಲಾಗುವುದು.

ಒಂದು ದಿನ ನಸುಕಿನಲ್ಲಿ ಅವನು ಮಡಕೆಯೊಡನೆ ಇಳಿದರೆ, ಬುಡದಲ್ಲಿ ಕಾವಲಿನವನು ನಿಂತಿದ್ದ.

“ಈಗಷ್ಟೇ ಇಳಿಸಿದ್ದು ಅಣ್ಣಾ, ಜೇನಿನ ಹಾಗಿದೆ. ಒಂದು ಗುಟುಕು ನೋಡಿ.”

“ರುಚಿ ನೋಡೋ ಅಧಿಕಾರ ನನಗಿಲ್ಲಪ್ಪ. ಅದೇನಿದ್ದರೂ ನ್ಯಾಯಾಧಿಕಾರಿಗಳದು.”

ಮಡಕೆಯನ್ನು ಕಚೇರಿಯ ಜಗುಲಿಯ ಮೇಲಿಟ್ಟರು. ನ್ಯಾಯಾಧಿಕಾರಿಯ ಸ್ನಾನವಾಯಿತು, ಪೂಜೆಯಾಯಿತು, ಊಟವಾಯಿತು, ಊಟದ ಮೇಲೆ ತುಸು ಅಡ್ಡಾದದ್ದೂ ಆಯಿತು. ಅಷ್ಟರಲ್ಲಿ ಬಿಸಿಲು ಜಗುಲಿಗೇರಿತು. ಮಡಕೆಯ ಬಾಯಲ್ಲಿ ನೊರೆ ಉಕ್ಕಿತು. ಮರವೇರುವವನು ಆ ನೊರೆ ನೋಡಿ, ಮನಸ್ಸಿನಲ್ಲೇ ತನ್ನ ಒಂದೊಂದು ಮರಕ್ಕೂ ಕೈಮುಗಿದ.

ನ್ಯಾಯಾಧಿಕಾರಿ ಬಂದು ಒಂದು ಗುಟುಕು ಕುಡಿದ. “ಹೆಂಡವೇ ಇದು. ಕೊಡಲಿ ತರಿಸಿ,” ಎಂದ.

“ಹೆಂಡವೇ ಬುದ್ಧಿ, ಸುಳ್ಳೇಕೆ ಹೇಳಲಿ? ಬೆಳಿಗ್ಗೆ ನನ್ನ ಕೈಯಲ್ಲಿದ್ದಾಗ ನೀರಾ. ಹೆಂಡವಾದದ್ದು ನಿಮ್ಮ ಜಗುಲಿಯ ಮೇಲೆ, ನಿಮ್ಮ ಕಾವಲಿನಲ್ಲಿ. ಕೊಡಲಿ ಬರಲಿ. ಆದರೆ ನಿಮ್ಮ ಅಂಗಳದ ಬೇವಿನ ಮರವನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತೆ.”

ಕಾವಲಿನವನನ್ನು ಕೇಳಿದರು. ಅವನು ಮಡಕೆ ಹಿಡಿದ ಹೊತ್ತು ಹೇಳಿ ತಲೆ ತಗ್ಗಿಸಿದ. ನ್ಯಾಯಾಧಿಕಾರಿ ಬೇವಿನ ನೆರಳನ್ನೊಮ್ಮೆ, ಮಡಕೆಯನ್ನೊಮ್ಮೆ ನೋಡಿದ. ಮೀಸೆಯಡಿಯ ನಗು ತಡೆಯಲಾಗಲಿಲ್ಲ.

“ಅಪರಾಧ ಕಚೇರಿಯಲ್ಲೇ ಹುಟ್ಟಿದೆ. ಕಚೇರಿಯವರೇ ಅದನ್ನು ಮುಗಿಸತಕ್ಕದ್ದು,” ಎಂದು ತೀರ್ಪು ಕೊಟ್ಟ.

ಗುಮಾಸ್ತರು ಲೋಟ ಹಿಡಿದು ಸಾಲು ನಿಂತರು. ಅಧಿಕಾರವಿಲ್ಲದ ಕಾವಲಿನವನು ಎರಡು ಲೋಟ ತಂದಿದ್ದ. ಮರವೇರುವವನು ಖಾಲಿ ಮಡಕೆಯನ್ನು ಹೆಗಲಿಗೇರಿಸಿ, ಹಾಡಿಕೊಳ್ಳುತ್ತಾ ತನ್ನ ಮರಗಳ ಕಡೆ ನಡೆದ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದರೆ ತಪ್ಪೆಲ್ಲ ಬಿಸಿಲಿನದೇ ಅನ್ನಿ, ತಾಯಿ.”

“ಬಿಸಿಲು ತನ್ನ ಹೊತ್ತಿಗೆ ಸರಿಯಾಗಿ ಬಂದಿತ್ತಲ್ಲ ಮಗಾ, ಬಾರದವರು ಯಾರು?”