ಸುವರ್ಣೋತ್ಸವದ ಬೆಳಗಿನ ಪ್ರಾರ್ಥನೆ

ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ತಮ್ಮ ಮುಪ್ಪಿನ ದಿನಗಳನ್ನು, ಪಾದ್ರಿಗಳಾಗಲಿರುವವರು ಓದುವ ಗುರುಮಠವೊಂದರಲ್ಲಿ, ಅಡುಗೆಮನೆಗೆ ಅಂಟಿಕೊಂಡ ಹೆಂಚಿನ ಕೋಣೆಯಲ್ಲಿ ಕಳೆಯುತ್ತಿದ್ದರು. ಬೆಳಗಿನ ಪೂಜೆ ಮುಗಿಸಿ ಹಿತ್ತಲಿನ ದಂಟಿನ ಸೊಪ್ಪಿನ ಮಡಿಯಲ್ಲಿ ಕಳೆ ಕೀಳುತ್ತ ಕೂರುವುದು ಅವರ ರೂಢಿ. 'ದೈವಜಿಜ್ಞಾಸೆ' ಎಂಬ ದೇವಶಾಸ್ತ್ರದ ತ್ರೈಮಾಸಿಕವನ್ನು ಆರಂಭಿಸಿದವರು ಇವರೇ ಎಂದು ಅಲ್ಲಿಯ ಹೊಸ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಿಳಿದೇ ಇರಲಿಲ್ಲ.

ಆ ಪತ್ರಿಕೆಗೆ ಐವತ್ತು ವರ್ಷ ತುಂಬಿದ ದಿನ. ಅಂಗಳದಲ್ಲಿ ಚಪ್ಪರ ಎದ್ದಿತ್ತು, ಬಿಷಪರು ಬರುವ ಹೊತ್ತಾಗಿತ್ತು. ಸಂಪಾದಕರಾದ ಪ್ರೊಫೆಸರ್ ಚೌರಪ್ಪನವರು ಮಾತ್ರ ಚಪ್ಪರ ಬಿಟ್ಟು ಹಿತ್ತಲಿಗೆ ಬಂದರು.

"ಸ್ತೋತ್ರ, ಸ್ವಾಮಿ," ಎಂದು ಕೈಮುಗಿದರು. "ನಿಮಗೆ ಮೊದಲು ಹೇಳಿಬಿಡ್ತೀನಿ. ಇವತ್ತು ಸಭೆಯಲ್ಲೇ ಸಂಪಾದಕನ ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ."

ಸ್ವಾಮಿಗಳು ಕೈಯ ಮಣ್ಣು ಕೊಡವಿ ತಲೆಯೆತ್ತಿದರು.

"ದೇವರಿದ್ದಾನೆ ಅಂತ ಎಷ್ಟೋ ಪುಟ ಬರೆದೆ, ಸ್ವಾಮಿ. ಈಗ ಮೊಣಕಾಲೂರಿದರೆ ಆ ಕಡೆ ಯಾರಾದರೂ ಇದ್ದಾರೆ ಅನ್ನಿಸೋದಿಲ್ಲ. ಇಂಥವನು ಆ ಕುರ್ಚಿಯಲ್ಲಿ ಕೂರಬಾರದು."

ಸ್ವಾಮಿಗಳು ವಾದಕ್ಕಿಳಿಯಲಿಲ್ಲ. "ಮೊದಲ ಸಂಚಿಕೆ ನೆನಪಿದೆಯಾ, ಚೌರಪ್ಪ?" ಎಂದರು.

ಮರೆಯುವುದುಂಟೆ! ಆಗ ಚೌರಪ್ಪನವರು ಹೊಸದಾಗಿ ಮದುವೆಯಾಗಿದ್ದ ಮೇಷ್ಟ್ರು. ಅಚ್ಚಾದ ಹಾಳೆಗಳೆಲ್ಲ ಅವರ ಬಾಡಿಗೆ ಮನೆಯ ಚಾಪೆಯ ಮೇಲೆ ಹರಡಿರುತ್ತಿದ್ದವು. ಹೆಂಡತಿ ಲೂರ್ದಮ್ಮನವರು ಒಲೆಯ ಮೇಲೆ ಮೈದಾ ಅಂಟು ಕಾಸುವರು. ಸ್ವಾಮಿಗಳು ತೋಳು ಮಡಚಿ ಸಂಚಿಕೆಗಳಿಗೆ ಮುಖಪುಟ ಅಂಟಿಸುವರು. ಅಂಟು ಮೆತ್ತಿದ ಕೈಯಲ್ಲೇ, ಕೃಪೆ ದೊಡ್ಡದೋ ಸತ್ಕಾರ್ಯ ದೊಡ್ಡದೋ ಎಂದು ಗಂಡಸರಿಬ್ಬರೂ ವಾದಕ್ಕೆ ಬಿದ್ದರೆ, "ಮೊದಲು ಕಾಫಿ ಕುಡೀರಿ, ಆರಿಹೋಗ್ತದೆ" ಎಂದು ಆಕೆ ಗದರುವರು. ಆ ನಗು, ಆ ಬೆಚ್ಚನೆಯ ಮನೆ, ಎಲ್ಲ ಎಲ್ಲಿಗೆ ಹೋದವು?

"ಲೂರ್ದಮ್ಮ ತೀರಿಕೊಂಡಾಗ ನೀನು ಅತ್ತಿದ್ದೆಯಾ?" ಸ್ವಾಮಿಗಳು ಮೆಲ್ಲಗೆ ಕೇಳಿದರು.

"ಎಲ್ಲಿ, ಸ್ವಾಮಿ? ಈಸ್ಟರ್ ಸಂಚಿಕೆ ಹೊರಡಬೇಕಿತ್ತು. ಮಣ್ಣು ಮಾಡಿ ಬಂದು ಪ್ರೂಫ್ ನೋಡೋಕೆ ಕೂತೆ."

ಸ್ವಾಮಿಗಳು ಕೋಲೂರಿ ಎದ್ದರು. "ಬಾ, ಅವಳ ಹತ್ತಿರ ಹೋಗೋಣ."

"ಬಿಷಪರು ಬಂದುಬಿಡ್ತಾರೆ..."

"ಕಾಯ್ತಾರೆ."

ಚರ್ಚಿನ ಹಿಂದಿನ ಸ್ಮಶಾನದಲ್ಲಿ ಸ್ವಾಮಿಗಳು ಲೂರ್ದಮ್ಮನವರ ಸಮಾಧಿಯ ಪಕ್ಕ ನೆಲದ ಮೇಲೆಯೇ ಕುಳಿತರು. ಚೌರಪ್ಪನವರು ನಿಂತೇ ಇದ್ದರು. ಕಲ್ಲಿನ ಮೇಲಿನ ಹೆಸರನ್ನು ಓದಿಕೊಂಡರು. ಎದೆಯಲ್ಲಿ ಹೆಪ್ಪುಗಟ್ಟಿದ್ದುದು ಒಮ್ಮೆಲೇ ಒಡೆಯಿತು.

"ಅವಳನ್ನ ಯಾಕೆ ಕರಕೊಂಡೆ? ನಿನ್ನ ಕೆಲಸಾನೇ ಮಾಡ್ತಿದ್ದೆನಲ್ಲ! ಅವಳು ಅಷ್ಟು ನರಳುವಾಗ ಎಲ್ಲಿದ್ದೆ ನೀನು? ಒಂದು ಮಾತಾದರೂ ಆಡಬಾರದಾಗಿತ್ತಾ?"

ಕೂಗುತ್ತ ಕೂಗುತ್ತಲೇ ಕುಸಿದು, ಮಗುವಿನಂತೆ ಬಿಕ್ಕಿದರು. ಅಳು ಇಳಿಯುವವರೆಗೂ ಸ್ವಾಮಿಗಳು ಅವರ ಬೆನ್ನ ಮೇಲೆ ಕೈಯಿಟ್ಟಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು:

"ಇಷ್ಟು ಹೊತ್ತು ಯಾರನ್ನು ಬೈತಿದ್ದೆ, ಚೌರಪ್ಪ?"

ಚೌರಪ್ಪನವರು ಬೆರಗಾಗಿ ಸ್ವಾಮಿಗಳ ಮುಖ ನೋಡಿದರು.

ಸಭೆ ತಡವಾಗಿ ಆರಂಭವಾಯಿತು. ಸಂಪಾದಕರ ದೀರ್ಘ ಉಪನ್ಯಾಸಕ್ಕೆ ಎಲ್ಲರೂ ಕಾದಿದ್ದರು. ಕೆಂಪಾದ ಕಣ್ಣುಗಳೊಂದಿಗೆ ಎದ್ದು ನಿಂತ ಚೌರಪ್ಪನವರು ರಾಜೀನಾಮೆಯ ಮಾತನ್ನೇ ಎತ್ತಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಸ್ಮರಿಸಿ, ಕೈಮುಗಿದು, ಯೇಸು ಕಲಿಸಿದ ಪರಲೋಕ ಮಂತ್ರವನ್ನು ಹೇಳತೊಡಗಿದರು. ದೇವರ ಚಿತ್ತ ನೆರವೇರಲಿ ಎನ್ನುವ ಸಾಲಿಗೆ ಬಂದು ನಿಲ್ಲಿಸಿಬಿಟ್ಟರು. ಚಪ್ಪರದಲ್ಲಿ ಅಷ್ಟು ಜನರಿದ್ದರೂ ಯಾರೂ ಅವರಿಗೆ ಆ ಸಾಲನ್ನು ಹೇಳಿಕೊಡಲಿಲ್ಲ.

ಕೊನೆಗೆ ಅವರೇ ಹೇಳಿದರು.